‘ಜೈವ’ವೆಲ್ಲ ಗೊಬ್ಬರದ ಬಕೆಟಿಗಲ್ಲ

2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು, ಹತ್ತು ದಿನಕ್ಕೂ ಮಿಕ್ಕಿ ಹೊಗೆ ಕವಿಯಿತಷ್ಟೆ. ಆ ಬಳಿಕ ಕೇರಳ ಸರಕಾರ ಕಸದ ವಿಚಾರದಲ್ಲಿ ಬಿಗಿಯಾಗಿದೆ. ಹರಿತ ಕರ್ಮ ಸೇನೆಯ ಮಹಿಳೆಯರು ಮನೆಮನೆಗೆ ಬಂದು ಶುಲ್ಕ ಪಡೆದು ಪ್ಲಾಸ್ಟಿಕ್ ಒಯ್ಯುತ್ತಾರೆ. ಹಳ್ಳಿಗಳಲ್ಲಿ ಅಡುಗೆಮನೆಯ ಕಸ ಮಾತ್ರ ಮನೆಯವರ ಪಾಲಿಗೇ ಉಳಿದಿದೆ. ಅದು ಹುಟ್ಟಿದಲ್ಲಿಯೇ ಮುಗಿಯಬೇಕೆಂಬುದು ಸರಕಾರದ ನೀತಿ.

ನೀತಿ ಸರಿಯಾದುದೇ. ತೊಡಕಿರುವುದು ತಿಳುವಳಿಕೆಯಲ್ಲಿ. ನಮ್ಮ ಕೈಸೇರಿದ ಕರಪತ್ರ ಮಲಯಾಳದ್ದು. ಅದರಲ್ಲಿರುವುದು ಜೈವ, ಅಜೈವ ಎಂಬ ಎರಡೇ ಪಾಲು. ಪದಗಳೇನೋ ಕನ್ನಡಿಗರಿಗೂ ಅರ್ಥವಾಗುತ್ತವೆನ್ನಿ. ಆದರೆ ತೆಂಗಿನ ಗೆರಟೆಯೂ ಜೈವ, ಮೀನಿನ ಮುಳ್ಳೂ ಜೈವ. ಇವನ್ನು ಬಕೆಟಿಗೆ ಹಾಕಿದರೆ ಏನಾದೀತೆಂದು ಅದು ಹೇಳುವುದಿಲ್ಲ.

ಹಿಂದೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸಿಪ್ಪೆ, ಗಂಜಿತಿಳಿ ಅಕ್ಕಚ್ಚಿಗೆ ಸೇರಿ ಹಟ್ಟಿಗೆ ಹೋಗುತ್ತಿತ್ತು. ಉಳಿದದ್ದು ಸೊಪ್ಪು, ಸಗಣಿಯೊಡನೆ ಗೊಬ್ಬರದ ಗುಂಡಿಗೆ. ಈಗ ಅನೇಕರಿಗೆ ಹಟ್ಟಿಯೂ ಇಲ್ಲ, ಐದು ಸೆಂಟ್ಸಿನಲ್ಲಿ ಗುಂಡಿಗೆ ಎಡೆಯೂ ಇಲ್ಲ.

ತರಕಾರಿಯ ಮತ್ತು ಬಾಳೆಹಣ್ಣಿನ ಸಿಪ್ಪೆ, ಚಹಾ-ಕಾಫಿಯ ಚರಟ, ಹರಿದು ಹಾಕಿದ ಊಟದ ಬಾಳೆಯೆಲೆ, ಇವಕ್ಕೆ ಅಂಜಬೇಕಾದುದಿಲ್ಲ. ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಹಾಕಬೇಕು. ನಮ್ಮ ಮುರಕಲ್ಲಿನ ಹುಳಿಮಣ್ಣಿಗೆ ಸುಣ್ಣದಂಶ ಬೇಕಾದದ್ದೇ. ಕಷ್ಟ ಹಲಸಿನ ಕಾಲದಲ್ಲಿ. ರೆಚ್ಚೆಯನ್ನು ಕೊಚ್ಚದೆ ಸುರಿದರೆ ನೀರೊಡೆದು ನಾತ ಹೊಡೆಯುತ್ತದೆ, ನೆರೆಮನೆಯವರೊಡನೆ ಜಗಳಕ್ಕೂ ಅಷ್ಟೇ ಸಾಕು. ಗೊಬ್ಬರ ಚೆನ್ನಾಗಿ ಕಳಿಯಲು ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಹಸಿಕಸದಲ್ಲಿ ಇಂಗಾಲ ಸಾಲದು. ಆದುದರಿಂದ ಹಸಿಕಸದಷ್ಟೇ, ಸಾಧ್ಯವಾದರೆ ಅದಕ್ಕೂ ಹೆಚ್ಚು, ಒಣ ತರಗೆಲೆಯನ್ನೋ ತೆಂಗಿನ ನಾರಿನ ಹುಡಿಯನ್ನೋ ಬೆರೆಸಬೇಕು. ಮಳೆಗಾಲಕ್ಕೆಂದು ಬೇಸಗೆಯಲ್ಲೇ ಒಂದೆರಡು ಗೋಣಿ ತರಗೆಲೆ ಕೂಡಿಟ್ಟವರು ಗೆದ್ದರು.

ಮಿಕ್ಕ ಅನ್ನವನ್ನು ಸ್ವಲ್ಪ ಸ್ವಲ್ಪ ಹಾಕಬಹುದು. ಎಣ್ಣೆ, ಉಪ್ಪಿನಕಾಯಿ ಬೇಡ. ಮೀನು, ಮಾಂಸ, ಎಲುಬು ಬಕೆಟಿಗೆ ಬಿದ್ದರೆ ಹುಳ, ಇಲಿ, ಬೀದಿನಾಯಿಗಳ ಕಾಟ. ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂಳಿದರೆ ಮರಕ್ಕಾಯಿತು. ಎರೆಹುಳು ಸಾಕುವವರು ನಿಂಬೆ, ಮೆಣಸು, ಉಪ್ಪನ್ನು ದೂರವಿಡಬೇಕು. ಕಾಸರಗೋಡಿನಲ್ಲೇ ಇರುವ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನ ಸಂಸ್ಥೆಯು ತೆಂಗಿನ ಗರಿಯನ್ನು ಎರೆಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದೆ. ಗರಿಗೆ ಬೆಂಕಿ ಕೊಡುವವರು ಗಮನಿಸಲಿ. ಗೆರಟೆ ವರ್ಷಗಟ್ಟಲೆ ಕೊಳೆಯದು, ಅದಕ್ಕೆ ಬಚ್ಚಲೊಲೆಯೇ ಸರಿ. ಕಾಗದದ ಲೋಟದ ಒಳಮೈಗೆ ಪ್ಲಾಸ್ಟಿಕ್ ಪೊರೆಯಿರುವುದರಿಂದ ಅದು ಸೇನೆಯ ಚೀಲಕ್ಕೆ.

ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಮಾಡಲು ಪಂಚಾಯತಿಗೆ ಎಷ್ಟು ಖರ್ಚು? ಕನ್ನಡ ಅಲ್ಪಸಂಖ್ಯಾತರು ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಲು 1969ರ ಕೇರಳದ ಅಧಿಕೃತ ಭಾಷಾ ಕಾಯಿದೆ ಎಡೆಮಾಡಿಕೊಟ್ಟಿತ್ತು. ಮನೆಯಲ್ಲಿ ಸಿಪ್ಪೆ ಹಿಡಿದು ನಿಲ್ಲುವಾಕೆ ಬಹುತೇಕ ಕನ್ನಡ ಶಾಲೆಯಲ್ಲಷ್ಟೇ ಓದಿದ ಅಜ್ಜಿ. ಆಕೆ ಓದಲಾರದ ಕಾಗದವನ್ನು ಕೊಟ್ಟು, ತಪ್ಪಿದರೆ ದಂಡ ಎನ್ನುವುದು ನ್ಯಾಯವಲ್ಲ. ಮುಂದಿನ ಗ್ರಾಮಸಭೆಯಲ್ಲಿ ವಾಚಕರು ಈ ಬೇಡಿಕೆಯನ್ನು ಕನ್ನಡದಲ್ಲೇ ಬರೆದುಕೊಟ್ಟು, ಸ್ವೀಕೃತಿ ರಶೀದಿ ಪಡೆದುಕೊಳ್ಳಲಿ.