ಉಗಿ ಕಾರಿನಿಂದ ಮಾಲಿನ್ಯವೇ ಇಲ್ಲವೇ? ಆಲೆಮನೆ ಒಲೆ ನೋಡಿದರೆ ಉತ್ತರ ಸಿಗುತ್ತದೆ

ನೂರು ವರ್ಷದ ಹಿಂದೆಯೇ ನೀರಿನಿಂದ ಓಡುವ ಕಾರು ಇತ್ತು, ಅದರಿಂದ ಹೊಗೆಯೇ ಬರುತ್ತಿರಲಿಲ್ಲ, ಪೆಟ್ರೋಲ್ ಕಂಪನಿಗಳು ಅದನ್ನು ಮುಚ್ಚಿಹಾಕಿದವು ಎಂಬಂಥ ಮಾತು ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತದೆ. ಇದರಲ್ಲಿ ನಿಜವೆಷ್ಟು? ಒಂದೊಂದಾಗಿ ನೋಡೋಣ.

ನೀರು ಇಂಧನವಲ್ಲ

ಉಗಿ ಕಾರು ಇದ್ದದ್ದು ನಿಜ. ಅಮೆರಿಕದ ಸ್ಟ್ಯಾನ್ಲಿ ಸೋದರರ ಉಗಿ ಕಾರು 1906ರಲ್ಲೇ ಗಂಟೆಗೆ 200 ಕಿ.ಮೀ. ವೇಗ ದಾಟಿತ್ತು. ಆದರೆ ಆ ನೀರನ್ನು ಕಾಯಿಸಲು ಪೆಟ್ರೋಲ್ ಅಥವಾ ಸೀಮೆಎಣ್ಣೆ ಉರಿಸಲೇಬೇಕಿತ್ತು. ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಹೋಗುತ್ತಿದ್ದ ಹಳೆಯ ಉಗಿ ರೈಲು ಕಲ್ಲಿದ್ದಲು ಉರಿಸುತ್ತಿದ್ದದ್ದೂ ಇದಕ್ಕೇ. ಇಂಧನ ಉರಿದ ಮೇಲೆ ಹೊಗೆ ಬಂದೇ ಬರುತ್ತದೆ.

ಆದರೂ ವಿಷ ಅನಿಲ ಕಡಿಮೆ, ಏಕೆ?

ಪೆಟ್ರೋಲ್, ಡೀಸೆಲ್ ಉರಿಯುವುದು ಎಂಜಿನ್ನಿನ ಸಿಲಿಂಡರ್ ಒಳಗೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್‌ನ ಒಂದೊಂದು ಸಿಲಿಂಡರ್‌ನಲ್ಲೂ ಸೆಕೆಂಡಿಗೆ 25 ಸಲ ಇಂಧನ ಹೊತ್ತಿಕೊಳ್ಳುತ್ತದೆ. ಅಷ್ಟು ಅವಸರದಲ್ಲಿ ಪೂರ್ತಿ ಉರಿಯದೆ ಉಳಿದದ್ದು ಕಾರ್ಬನ್ ಮಾನಾಕ್ಸೈಡ್ ಮತ್ತು ಮಸಿಯಾಗಿ ಹೊರಬರುತ್ತದೆ. ವಿಪರೀತ ಶಾಖದಲ್ಲಿ ಗಾಳಿಯ ಸಾರಜನಕವೂ ಉರಿದು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇದು ಶ್ವಾಸಕೋಶಕ್ಕೆ ಕೆಟ್ಟದ್ದು.

ಉಗಿ ಕಾರಿನಲ್ಲಿ ಬೆಂಕಿ ಎಂಜಿನ್ನಿನ ಹೊರಗೆ, ಬಾಯ್ಲರ್ ಕೆಳಗೆ ಇರುತ್ತದೆ. ಒಂದೇ ಸಮ ಉರಿಯುತ್ತದೆ, ಗಾಳಿಯೂ ಬೇಕಾದಷ್ಟು ಸಿಗುತ್ತದೆ. ಹಾಗಾಗಿ ಈ ಮೂರೂ ಕಡಿಮೆ.

ಇಲ್ಲೊಂದು ಷರತ್ತಿದೆ: ಒಲೆ ಚೆನ್ನಾಗಿ ಉರಿಯಬೇಕು. ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಒಣಗಿದ ಕಬ್ಬಿನ ಸಿಪ್ಪೆ ಗಾಳಿಯಾಡುತ್ತಾ ಉರಿದರೆ ಹೊಗೆ ತೆಳು. ಹಸಿ ಸಿಪ್ಪೆ ತುರುಕಿದರೆ ಕಪ್ಪು ಹೊಗೆ, ಟೈರು, ಪ್ಲಾಸ್ಟಿಕ್ ಹಾಕಿದರೆ ವಿಷ. ಬೆಂಕಿ ಹೊರಗಿದ್ದ ಮಾತ್ರಕ್ಕೆ ಶುದ್ಧವಾಗುವುದಿಲ್ಲ.

ಹಾಗಾದರೆ ಏಕೆ ಬಿಟ್ಟರು?

ಯಾರೂ ಮುಚ್ಚಿಡಲಿಲ್ಲ. 1970ರ ದಶಕದ ಆರಂಭದಲ್ಲಿ ಹೊಗೆಯಿಂದ ಬೇಸತ್ತ ಕ್ಯಾಲಿಫೋರ್ನಿಯಾ ರಾಜ್ಯವೇ ಉಗಿ ಬಸ್ಸುಗಳನ್ನು ರಸ್ತೆಗಿಳಿಸಿ ಪರೀಕ್ಷಿಸಿತು. ವಿಷ ಅನಿಲ ಕಡಿಮೆಯಾಯಿತು, ಆದರೆ ಇಂಧನ ಡೀಸೆಲ್ ಬಸ್ಸಿಗಿಂತ ಬಹಳ ಹೆಚ್ಚು ಕುಡಿಯಿತು.

ಪೆಟ್ರೋಲ್ ಎಂಜಿನ್ ಇಂಧನದ ಶಾಖದಲ್ಲಿ ಸುಮಾರು ಕಾಲು ಭಾಗವನ್ನು ಚಲನೆಗೆ ಬಳಸುತ್ತದೆ, ಡೀಸೆಲ್ ಇನ್ನೂ ಹೆಚ್ಚು. ಹಳೆಯ ಉಗಿ ರೈಲಿನಲ್ಲಿ ಹತ್ತರಲ್ಲಿ ಒಂದು ಪಾಲು ದಕ್ಕಿದರೆ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಎಲ್ಲಿ ಉರಿದರೂ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಎರಡು ಪಟ್ಟು ಇಂಧನ ಸುಟ್ಟರೆ ಭೂಮಿ ಬಿಸಿಯಾಗಿಸುವ ಈ ಅನಿಲವೂ ಎರಡು ಪಟ್ಟು.

ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಉಗಿ ಒಗ್ಗುತ್ತದಲ್ಲ ಎಂದು ಕೇಳಬಹುದು. ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರ ತಿರುಗಿಸಿ ಬಂದ ಉಗಿಯೇ ಕಬ್ಬಿನ ಹಾಲನ್ನು ಕಾಯಿಸುತ್ತದೆ. ಸಿಪ್ಪೆ ಬಿಟ್ಟ ಇಂಗಾಲವನ್ನು ಮುಂದಿನ ಬೆಳೆ ಹೀರಿಕೊಳ್ಳುತ್ತದೆ. ಕಾರಿನಲ್ಲಾದರೆ ಆ ಶಾಖ ಗಾಳಿಪಾಲು, ಉರಿಯುವುದೂ ಸೀಮೆಎಣ್ಣೆ. ಸಾಲದ್ದಕ್ಕೆ ಮೊದಮೊದಲ ಉಗಿ ಕಾರುಗಳಿಗೆ ದಾರಿಯುದ್ದಕ್ಕೂ ನೀರು ತುಂಬಿಸಬೇಕಿತ್ತು. ಬೇಸಿಗೆಯಲ್ಲಿ ನಾಗಮಂಗಲ, ಕೆ.ಆರ್.ಪೇಟೆಯ ಮಳೆಯಾಶ್ರಿತ ಊರುಗಳಲ್ಲಿ ಕೊಳವೆಬಾವಿ ನೀರನ್ನು ಕಾರಿಗೆ ಕೊಡುವವರು ಯಾರು?

ಇಂದಿನ ಲೆಕ್ಕವೇನು?

ಉಗಿ ಕಾರಿನ ಹಳೆಯ ಅನುಕೂಲವೂ ಈಗ ಕರಗಿದೆ. ಹೊಗೆ ಕೊಳವೆಯಲ್ಲಿ ವಿಷ ಅನಿಲವನ್ನು ಮಾರ್ಪಡಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿದೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮ, ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿಯನ್ನು ಕಿ.ಮೀ.ಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಸಿತು. ನಮ್ಮ ಊರುಗಳಲ್ಲಿ ಹೊಗೆ ಹೆಚ್ಚು ಉಗುಳುವುದು ನಿರ್ವಹಣೆಯಿಲ್ಲದ ಹಳೆಯ ಗಾಡಿಗಳು. ಏರ್ ಫಿಲ್ಟರ್ ಸ್ವಚ್ಛವಾಗಿಡುವುದು, ಹೊಗೆ ತಪಾಸಣೆಯನ್ನು ಕೇವಲ ಚೀಟಿಗಾಗಿ ಮಾಡಿಸದಿರುವುದು, ಒಲೆಗೆ ಟೈರು ಹಾಕದಿರುವುದು ನಮ್ಮ ಕೈಯಲ್ಲೇ ಇದೆ.

ಒಟ್ಟಿನಲ್ಲಿ: ಉಗಿ ಕಾರು ವಿಷ ಅನಿಲ ಕಡಿಮೆ ಬಿಡುತ್ತಿತ್ತು ಎಂಬುದು ನಿಜ. ಮಾಲಿನ್ಯವೇ ಇಲ್ಲ, ನೀರಿನಿಂದಲೇ ಓಡುತ್ತದೆ ಎಂಬುದು ಸುಳ್ಳು. ಇದೇ ಮಾತು ಹೇಳಿ ಯಾರಾದರೂ ಗಾಡಿಗೆ ನೀರಿನ ಕಿಟ್ ಮಾರಲು ಬಂದರೆ, ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಒಳಗೆ ಉರಿಯುವುದು ಏನು?