ಹೊಸದೆಲ್ಲವೂ ನಾವೀನ್ಯವೇ?

ವಿಜ್ಞಾನ ಪ್ರದರ್ಶನಗಳ ಆಹ್ವಾನಪತ್ರಿಕೆಗಳಲ್ಲಿ ಈಚೆಗೆ ‘ನಾವೀನ್ಯತೆ’ ಎಂಬ ಶಬ್ದವು ತಪ್ಪದೆ ಕಾಣಿಸಿಕೊಳ್ಳುತ್ತದೆ. ವ್ಯಾಕರಣದ ದೃಷ್ಟಿಯಿಂದ ಇದು ದ್ವಿರುಕ್ತಿ. ‘ನವೀನ’ದಿಂದ ‘ನವೀನತೆ’ ಆಗುತ್ತದೆ, ಇಲ್ಲವೇ ‘ನಾವೀನ್ಯ’ವಾಗುತ್ತದೆ, ‘ನಾವೀನ್ಯ’ಕ್ಕೆ ಮತ್ತೆ ‘ತೆ’ಯನ್ನು ಹಚ್ಚುವ ಅವಶ್ಯಕತೆಯಿಲ್ಲ. ಆದರೆ ನಮ್ಮ ಆಕ್ಷೇಪಣೆಯು ಪ್ರತ್ಯಯದ ಮೇಲಲ್ಲ, ಆ ಶಬ್ದಕ್ಕೆ ನಾವು ಕೊಡುತ್ತಿರುವ ಅರ್ಥದ ಮೇಲೆ.

ನಿಸರ್ಗದಲ್ಲಿ ಇದ್ದುದನ್ನು ಕಂಡುಹಿಡಿಯುವುದು ಶೋಧ. ಹಿಂದೆ ಇಲ್ಲದುದನ್ನು ನಿರ್ಮಿಸುವುದು ಆವಿಷ್ಕಾರ. ಹೊಸ ವಿಚಾರವೊಂದನ್ನು ಜನರ ಬಳಕೆಗೆ ತರುವುದು ನಾವೀನ್ಯ. ಆವಿಷ್ಕಾರವಿಲ್ಲದೆಯೂ ನಾವೀನ್ಯವು ಸಾಧ್ಯವೆಂದು ಅರ್ಥಶಾಸ್ತ್ರಜ್ಞ ಷುಂಪೀಟರ್ 1939ರಲ್ಲಿಯೇ ಪ್ರತಿಪಾದಿಸಿದ್ದರು.

ನಮ್ಮ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಉದಾಹರಣೆಯನ್ನೇ ನೋಡೋಣ. ತಾರುಣ್ಯದಲ್ಲಿ ಅವರಿಗೆ ನಸುಕಿನಲ್ಲಿ ಏಳುವುದು ಕಷ್ಟವಾಗಿತ್ತು. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಅದರ ಮತ್ತೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಜೋಡಿಸಿದರು. ಗಂಟೆ ಬಾರಿಸತೊಡಗಿದಾಗ ಸುರುಳಿ ಬಿಚ್ಚಿಕೊಂಡು ಕೀಲಿಯು ತಿರುಗುವುದು, ದಾರ ಸುತ್ತಿಕೊಳ್ಳುವುದು, ಬಾಟಲಿ ಬಾಗಿ ಮುಖದ ಮೇಲೆ ನೀರು ಬೀಳುವುದು! ಸುರುಳಿಯಲ್ಲಿ ಅಡಗಿದ ಶಕ್ತಿಯ ಪಾಠಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನಮಗೆ ದೊರೆತಿಲ್ಲ. ಆದರೂ ಇದು ಆವಿಷ್ಕಾರವೇ ಹೊರತು ನಾವೀನ್ಯವಲ್ಲ. ಅದು ಎಬ್ಬಿಸಿದ್ದು ಒಬ್ಬರನ್ನು ಮಾತ್ರ. ಮುಂದೆ ಅವರು ರೂಪಿಸಿದ ಹುಣಸೆಬೀಜ ಬೇರ್ಪಡಿಸುವ ಯಂತ್ರ, ಟ್ರ್ಯಾಕ್ಟರಿಗೆ ಹೂಡುವ ಕೂರಿಗೆ ಮೊದಲಾದವು ಇತರ ರೈತರ ಕೈಸೇರಿದವು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆತುದು ತಳಮಟ್ಟದ ನಾವೀನ್ಯಕ್ಕಾಗಿ.

ಕೂರಿಗೆಯೇನೂ ನಮ್ಮ ಸೀಮೆಗೆ ಹೊಸದಲ್ಲ. ಎತ್ತುಗಳು ಎಳೆಯುವ ಮರದ ಕೂರಿಗೆಯ ಬಟ್ಟಲಿಗೆ ಹಿಡಿಹಿಡಿಯಾಗಿ ಕಾಳು ಬಿಡುತ್ತ ನಡೆಯುವ ಹೆಣ್ಣುಮಕ್ಕಳ ಕೈಯೇ ಬಿತ್ತನೆಯ ಅಳತೆಯಾಗಿತ್ತು. ಆದರೆ ಎರೆಭೂಮಿಯ ಹದವು ಬಹುದಿನ ನಿಲ್ಲದು. ಮೇಲ್ಪದರ ಬೇಗ ಒಣಗಿ ಬಿರಿಯುತ್ತದೆ. ಅಷ್ಟರೊಳಗೆ ಬಿತ್ತಿ ಮುಗಿಸಬೇಕೆನ್ನುವವನಿಗೆ ಬೇಕಾದುದು ಬೆರಗು ಹುಟ್ಟಿಸುವ ವಸ್ತುವಲ್ಲ, ವೇಗ ಮತ್ತು ಸಮನಾದ ಅಂತರ.

ಕೆಲವು ವರ್ಷಗಳ ಹಿಂದೆ ಪ್ರದರ್ಶನವೊಂದರಲ್ಲಿ ನಾವು ತೀರ್ಪುಗಾರರಾಗಿದ್ದೆವು. ನವಲಗುಂದದ ಕಡೆಯ ಹುಡುಗನೊಬ್ಬನು ಕೂರಿಗೆಯ ಕೊಳವೆಯ ನಡುವೆ ಪಾರದರ್ಶಕ ತುಂಡೊಂದನ್ನು ಸೇರಿಸಿ ತಂದಿದ್ದನು. ಕಾಳು ಕಟ್ಟಿಕೊಂಡರೆ ಒಡನೆ ಕಾಣಬೇಕೆಂಬುದು ಅವನ ಉದ್ದೇಶ. ‘ಹೊಸತೇನೂ ಇಲ್ಲ’ ಎಂದು ಷರಾ ಬರೆದು, ದೀಪ ಮಿನುಗುವ ರಾಕೆಟ್ಟಿಗೆ ಬಹುಮಾನ ಕೊಟ್ಟೆವು. ಮರುವರ್ಷ ಆ ಹುಡುಗನ ನೆರೆಹೊಲದವರೂ ಅಂಥದೇ ತುಂಡನ್ನು ಹಾಕಿಸಿಕೊಂಡರೆಂದು ತಿಳಿಯಿತು.