ಸಂಬಳದ ಲೆಕ್ಕ ಯಾರ ಕೈಗೆ ಕೊಡೋಣ?

ತಿಂಗಳ ಕೊನೆಗೆ ಬ್ಯಾಂಕಿನಿಂದ ಮೆಸೇಜ್ ಬಂದರೆ ಸಾಕು, ನಾವೆಲ್ಲ ಸುಮ್ಮನಾಗುತ್ತೇವೆ. ಆ ಲೆಕ್ಕ ಹಾಕಿದವರು ಯಾರು, ಕಡಿದ ಪಿಎಫ್ ನಿಜವಾಗಿ ಕಟ್ಟಿದರೋ ಇಲ್ಲವೋ, ಹೆಸರು ಸರಿಯಾಗಿ ಬರೆದಿದ್ದಾರೋ ಎಂದು ಯಾರೂ ಕೇಳುವುದಿಲ್ಲ. ಏನಾದರೂ ಎಡವಟ್ಟಾದ ಮೇಲೆಯೇ ಆ ಪ್ರಶ್ನೆ ಏಳುವುದು. ಈ ಅಂಕಣ ಓದುವವರಲ್ಲಿ ನನ್ನ ಹಾಗೆ ಐಟಿ ಕಂಪನಿಯಲ್ಲಿ ದುಡಿಯುವವರಿದ್ದಾರೆ. ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ಹೋಟೆಲ್, ವರ್ಕ್‌ಶಾಪ್, ಕ್ಲಿನಿಕ್, ಸಣ್ಣ ಸಾಫ್ಟ್‌ವೇರ್ ಕಂಪನಿ ಕಟ್ಟಿಕೊಂಡು ಹತ್ತಾರು ಜನರಿಗೆ ಸಂಬಳ ಕೊಡುವವರೂ ಇದ್ದಾರೆ. ಈ ಸಲದ ಮಾತು ಇಬ್ಬರಿಗೂ ಸೇರಿದ್ದು.

ನನ್ನ ದಿನದ ಕೆಲಸ ಕಂಪನಿಗಳ ಎಚ್‌ಆರ್ ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸುವುದು. ಹಾಗಾಗಿ ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಒಬ್ಬರಲ್ಲ ಒಬ್ಬರು ಕೇಳುವ ಪ್ರಶ್ನೆ ಒಂದೇ: "ಪೇರೋಲ್ ದೊಡ್ಡ ಕಂಪನಿಗೆ ಕೊಡೋದೋ, ಇಲ್ಲೇ ಇರೋ ಕನ್ಸಲ್ಟಂಟ್‌ಗೆ ಕೊಡೋದೋ?" ಕಳೆದ ವರ್ಷ ಈ ಪ್ರಶ್ನೆ ಕೇಳಿದವರು ಪುಣೆಯಲ್ಲಿ ಎರಡು, ಠಾಣೆಯಲ್ಲಿ ಒಂದು ಉಡುಪಿ ಹೋಟೆಲ್ ನಡೆಸುವ ಹಿರಿಯರು. ಹೆಸರು ಬೇಡ, ಶೆಟ್ರು ಎನ್ನೋಣ. ಅರವತ್ತಕ್ಕೂ ಹೆಚ್ಚು ಕೆಲಸದವರು, ಹುಬ್ಬಳ್ಳಿಯಲ್ಲಿ ನಾಲ್ಕನೆಯ ಹೋಟೆಲ್ ಆಗಷ್ಟೇ ಶುರುವಾಗಿತ್ತು. ಹದಿನೈದು ವರ್ಷದಿಂದ ಲೆಕ್ಕ ನೋಡುವವರು ಒಬ್ಬ ಮರಾಠಿ ಕನ್ಸಲ್ಟಂಟ್, ಎಲ್ಲರ ಬಾಯಲ್ಲೂ ಕಾಕಾ. ತಿಂಗಳ ಮೊದಲ ವಾರ ಸ್ಕೂಟರಿನಲ್ಲಿ ಬಂದು, ಹಾಜರಿ ಪುಸ್ತಕ ನೋಡಿ, ಕಾಫಿ ಕುಡಿದು ಹೋದರೆ ಮುಂದಿನದೆಲ್ಲ ಅವರದೇ. ಶೆಟ್ರ ಮಗ ಮಾತ್ರ ರಾಷ್ಟ್ರಮಟ್ಟದ ಒಂದು ಕಂಪನಿಯ ಪ್ರೆಸೆಂಟೇಶನ್ ನೋಡಿ ಬಂದು, "ಇನ್ನು ಎಲ್ಲ ಮೊಬೈಲಿನಲ್ಲೇ" ಎಂದು ಹಟ ಹಿಡಿದಿದ್ದ. ಶೆಟ್ರಿಗೆ ಚಿಂತೆ: "ಮಾರಾಯ್ರೆ, ಕಾಕಾನನ್ನು ಬಿಟ್ಟರೆ ಪಿಎಫ್ ಆಫೀಸಿನಲ್ಲಿ ನನ್ನ ಮುಖ ಯಾರಿಗೆ ಗೊತ್ತುಂಟು?"

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಪೇರೋಲ್ ಎಂದರೆ ಒಂದು ಕೆಲಸವಲ್ಲ, ಮೂರು ಕೆಲಸ ಎಂಬುದು ಗೊತ್ತಿರಬೇಕು. ಮೊದಲನೆಯದು ಲೆಕ್ಕ: ಹಾಜರಿ, ರಜೆ, ಓವರ್‌ಟೈಮ್, ಕಡಿತ, ಪೇಸ್ಲಿಪ್. ಎರಡನೆಯದು ಕಟ್ಟುವುದು: ಟಿಡಿಎಸ್ ಮುಂದಿನ ತಿಂಗಳ 7ರೊಳಗೆ (ಮಾರ್ಚ್ ತಿಂಗಳದ್ದು ಮಾತ್ರ ಏಪ್ರಿಲ್ 30), ಪಿಎಫ್ ಮತ್ತು ಇಎಸ್‌ಐ 15ರೊಳಗೆ, ಆಯಾ ರಾಜ್ಯದ ವೃತ್ತಿ ತೆರಿಗೆ, ಕಾರ್ಮಿಕ ಕಲ್ಯಾಣ ನಿಧಿ. ಮೂರನೆಯದು ಓಡಾಟ: ನೋಂದಣಿ, ನೋಟಿಸಿಗೆ ಉತ್ತರ, ಇನ್‌ಸ್ಪೆಕ್ಟರ್ ಬಂದಾಗ ರಿಜಿಸ್ಟರ್ ತೋರಿಸುವುದು, ಕೆಲಸದವರ ಹೆಸರು ಮತ್ತು ಹುಟ್ಟಿದ ದಿನದ ತಪ್ಪು ತಿದ್ದಿಸುವುದು.

ರಾಷ್ಟ್ರಮಟ್ಟದವರ ಬಲ ಮೊದಲನೆಯದರಲ್ಲಿ. ಬೆಂಗಳೂರಿನ ಗ್ರೇಟ್‌ಎಚ್‌ಆರ್, ಹೈದರಾಬಾದಿನ ಕೇಕಾ, ಚೆನ್ನೈನ ಜೋಹೊ ಪೇರೋಲ್, ಅಮೆರಿಕ ಮೂಲದ ಎಡಿಪಿ, ಹೀಗೆ ಆಯ್ಕೆಗೆ ಬರವಿಲ್ಲ. ಸ್ಥಳೀಯರ ಬಲ ಮೂರನೆಯದರಲ್ಲಿ. ಗೊಂದಲ ಇರುವುದು ನಡುವಿನ ಎರಡನೆಯದರಲ್ಲಿ. "ಕಂಪ್ಲಯನ್ಸ್ ಸೇರಿದೆ" ಎಂದು ಮಾರಾಟದವರು ಹೇಳಿದರೆ ಬಹಳ ಸಲ ಅದರ ಅರ್ಥ, ಸಾಫ್ಟ್‌ವೇರ್ ಒಂದು ಫೈಲ್ ತಯಾರಿಸಿ ಕೊಡುತ್ತದೆ ಎಂದಷ್ಟೇ. ಅದನ್ನು ಪಿಎಫ್ ಪೋರ್ಟಲಿಗೆ ಏರಿಸಿ, ಚಲನ್ ತೆಗೆದು, ಹಣ ಕಟ್ಟುವುದು ನಿಮ್ಮ ಪಾಲಿಗೆ. ಅದನ್ನೂ ಅವರೇ ಮಾಡಬೇಕೆಂದರೆ ಬೇರೆ ಪ್ಯಾಕೇಜು, ಬೇರೆ ದರ. ಒಪ್ಪಂದದಲ್ಲಿ ಇದನ್ನು ಹುಡುಕಿ ಓದಬೇಕು.

ಒಂದೇ ಊರಿನಲ್ಲಿದ್ದಾಗ ಕಾಕಾ ಸಾಕು. ಎರಡನೇ ರಾಜ್ಯಕ್ಕೆ ಕಾಲಿಟ್ಟ ದಿನ ಲೆಕ್ಕ ಬದಲಾಗುತ್ತದೆ. ಪಿಎಫ್, ಇಎಸ್‌ಐ ದೇಶಕ್ಕೆಲ್ಲ ಒಂದೇ. ವೃತ್ತಿ ತೆರಿಗೆ ಹಾಗಲ್ಲ. ವರ್ಷಕ್ಕೆ 2,500 ರೂಪಾಯಿ ಮೀರಬಾರದು ಎಂದು ಸಂವಿಧಾನವೇ ಮಿತಿ ಹಾಕಿದೆ, ಅದರೊಳಗೆ ಪ್ರತಿ ರಾಜ್ಯದ್ದು ಒಂದೊಂದು ದಾರಿ. ತಿಂಗಳಿಗೆ 18,000 ಸಂಬಳದ ಅಡುಗೆಯವರನ್ನೇ ತೆಗೆದುಕೊಳ್ಳಿ. ಪುಣೆಯಲ್ಲಿ ಗಂಡಸಾದರೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300. ಹೆಂಗಸಾದರೆ 25,000ದವರೆಗೆ ಏನೂ ಇಲ್ಲ. ಅದೇ ಸಂಬಳಕ್ಕೆ ಹೈದರಾಬಾದಿನಲ್ಲಿ 150. ಹುಬ್ಬಳ್ಳಿಯಲ್ಲಿ ಸೊನ್ನೆ, ಏಕೆಂದರೆ 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಈ ತೆರಿಗೆಯಿಲ್ಲ. ಚೆನ್ನೈನಲ್ಲಿ ಆರು ತಿಂಗಳಿಗೊಮ್ಮೆ ಪಾಲಿಕೆಗೆ ಕಟ್ಟಬೇಕು. ದೆಹಲಿಯಲ್ಲಿ ಈ ತೆರಿಗೆಯೇ ಇಲ್ಲ. ಕಾರ್ಮಿಕ ಕಲ್ಯಾಣ ನಿಧಿಯೂ ಹಾಗೆಯೇ: ಮಹಾರಾಷ್ಟ್ರದಲ್ಲಿ ಜೂನ್ ಮತ್ತು ಡಿಸೆಂಬರ್, ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ.

ನಾವು ಮಾಡಿದ ಮೊದಲ ಕೆಲಸ ಎರಡು ತಿಂಗಳ ಜೋಡಿ ಲೆಕ್ಕ. ಕಾಕಾ ತಮ್ಮ ಎಕ್ಸೆಲ್‌ನಲ್ಲಿ, ನಾವು ಪ್ರಯೋಗಕ್ಕೆ ತೆಗೆದುಕೊಂಡ ಸಾಫ್ಟ್‌ವೇರ್‌ನಲ್ಲಿ, ಅದೇ ಹಾಜರಿಗೆ ಲೆಕ್ಕ ಹಾಕಿ ರೂಪಾಯಿಗೆ ರೂಪಾಯಿ ತಾಳೆ ನೋಡಿದೆವು. ಪುಣೆ, ಠಾಣೆಯ ಲೆಕ್ಕ ಹೆಚ್ಚುಕಡಿಮೆ ಸರಿ ಹೋಯಿತು. ಹುಬ್ಬಳ್ಳಿಗೆ ಕಳಿಸಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಮಂದಿಗೆ ಕಾಕಾ ಅಭ್ಯಾಸದಂತೆ 200 ರೂಪಾಯಿ ಕಡಿದಿದ್ದರು. ಸಾಫ್ಟ್‌ವೇರ್ ಕೂಡ ಅದೇ ಒಂಬತ್ತು ಜನರಿಗೆ ಕಡಿದಿತ್ತು, ಏಕೆಂದರೆ ಅವರನ್ನು ಸೇರಿಸುವಾಗ ಕಂಪನಿಯವರು ಕೆಲಸದ ಊರನ್ನು ಪುಣೆ ಎಂದೇ ಬಿಟ್ಟಿದ್ದರು. ದೊಡ್ಡ ಹೆಸರಿದ್ದರೂ ಒಳಗೆ ತುಂಬುವ ಮಾಹಿತಿ ತಪ್ಪಾದರೆ ಉತ್ತರವೂ ತಪ್ಪೇ. ಜೋಡಿ ಲೆಕ್ಕ ಮಾಡದೆ ಯಾರೂ ಪೇರೋಲ್ ಬದಲಿಸಬಾರದು. ಬದಲಿಸುವುದಾದರೆ ಏಪ್ರಿಲ್‌ನಲ್ಲಿ ಬದಲಿಸಿ. ವರ್ಷದ ನಡುವೆ ಬದಲಿಸಿದರೆ ಹಳೆಯ ತಿಂಗಳುಗಳ ಟಿಡಿಎಸ್ ಲೆಕ್ಕ ಹೊತ್ತು ತರಬೇಕಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಬೈಂದೂರು ಕಡೆಯ ಅಡುಗೆಯವರೊಬ್ಬರು ಒಂಬತ್ತು ವರ್ಷ ದುಡಿದು, ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ತಾಯಿಯ ಆಪರೇಶನ್ನಿಗೆ ಪಿಎಫ್ ಹಣ ಬೇಕಿತ್ತು. ಅರ್ಜಿ ತಿರಸ್ಕೃತ. ಆಧಾರ್‌ನಲ್ಲಿ ನಮ್ಮ ಕಡೆಯ ರೂಢಿಯಂತೆ ಹೆಸರು ಮತ್ತು ಒಂದು ಇನಿಷಿಯಲ್. ಪಿಎಫ್‌ನಲ್ಲಿ ಮಹಾರಾಷ್ಟ್ರದ ರೂಢಿಯಂತೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಕಾಕಾ ಬೇಕೆಂದು ಮಾಡಿದ್ದಲ್ಲ, ಅವರಿಗೆ ಹೆಸರು ಬರೆಯುವ ಕ್ರಮವೇ ಅದು. 2017ರ ಅಕ್ಟೋಬರ್ 1ರ ನಂತರ ಆಧಾರ್ ಆಧಾರದಲ್ಲಿ ಯುಎಎನ್ ಪಡೆದವರು ಇಂಥ ತಪ್ಪನ್ನು ತಾವೇ ಆನ್‌ಲೈನ್‌ನಲ್ಲಿ ತಿದ್ದಿಕೊಳ್ಳಲು 2025ರಿಂದ ಅವಕಾಶವಿದೆ. ಇವರದು ಅದಕ್ಕಿಂತ ಹಳೆಯದು, ಮಾಲೀಕರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡೋಣವೆಂದರೆ ಕಾಕಾ ಆಸ್ಪತ್ರೆಯಲ್ಲಿ. ಪೋರ್ಟಲಿನ ಪಾಸ್‌ವರ್ಡ್ ಅವರ ಡೈರಿಯಲ್ಲಿ, ಒಟಿಪಿ ಬರುವುದು ಅವರ ಫೋನಿಗೆ, ಶೆಟ್ರ ಡಿಜಿಟಲ್ ಸಹಿಯ ಪೆನ್‌ಡ್ರೈವ್ ಅವರ ಮನೆಯ ಡ್ರಾಯರಿನಲ್ಲಿ. ಆ ತಿಂಗಳ ಪಿಎಫ್ ಕೂಡ 15 ದಾಟಿತು. ತಡವಾದರೆ ವರ್ಷಕ್ಕೆ ಶೇ. 12ರ ಬಡ್ಡಿ, ಅದರ ಮೇಲೆ ತಿಂಗಳಿಗೆ ಶೇ. 1ರ ದಂಡ. ಆಪರೇಶನ್ನಿಗೆ ಶೆಟ್ರು ಕೈಯಿಂದ ಸಾಲ ಕೊಟ್ಟರು. ಪಿಎಫ್ ಹಣ ಬರುವಾಗ ಎರಡು ತಿಂಗಳು ಕಳೆದಿತ್ತು. ಒಂಬತ್ತು ವರ್ಷ ತನ್ನದೇ ಸಂಬಳದಿಂದ ಕಡಿಸಿಕೊಂಡ ಹಣಕ್ಕೆ ಆ ಮನುಷ್ಯ ಸಾಲ ಮಾಡಬೇಕಾಯಿತು.

ಇದನ್ನು ಕೇಳಿ ಶೆಟ್ರ ಮಗ, "ನೋಡಿ, ಅದಕ್ಕೇ ದೊಡ್ಡ ಕಂಪನಿ ಬೇಕು ಅಂದಿದ್ದು" ಎಂದ. ನಾನು ಅವನ ಎದುರೇ ಆ ಕಂಪನಿಯ ಮಾರಾಟದವರಿಗೆ ಫೋನ್ ಮಾಡಿ, ಹೆಸರು ತಿದ್ದುವ ಜಾಯಿಂಟ್ ಡಿಕ್ಲರೇಶನ್ ಯಾರು ಮಾಡುತ್ತಾರೆ ಎಂದು ಕೇಳಿದೆ. ಉತ್ತರ ಒಂದೇ ಸಾಲು: "ಅದು ಕ್ಲೈಂಟ್ ಕಡೆಯ ಕೆಲಸ, ಸರ್." ಅಂದರೆ ಪಾಸ್‌ವರ್ಡ್ ತೊಂದರೆ ಅವರಲ್ಲಿ ಆಗುತ್ತಿರಲಿಲ್ಲ, ಹೆಸರಿನ ತೊಂದರೆ ಹಾಗೆಯೇ ಉಳಿಯುತ್ತಿತ್ತು. ಟಿಕೆಟ್ ನಂಬರ್ ಕೊಟ್ಟು ಕಾಯಿಸುವ ಹೆಲ್ಪ್‌ಡೆಸ್ಕ್‌ಗೆ, ಇಂಗ್ಲಿಷ್ ಹಿಂದಿ ಬಾರದ ಬೈಂದೂರಿನ ಅಡುಗೆಯವರು ಏನೆಂದು ಫೋನ್ ಮಾಡಿಯಾರು? ಕಾಕಾ ಆದರೆ ಹೋಟೆಲಿಗೇ ಬರುತ್ತಾರೆ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಸಮಾಧಾನವನ್ನಾದರೂ ಹೇಳುತ್ತಾರೆ.

ಕೊನೆಗೆ ಶೆಟ್ರು ಕೆಲಸ ಹಂಚಿದರು. ಲೆಕ್ಕ, ಪೇಸ್ಲಿಪ್, ದಾಖಲೆ ಸಾಫ್ಟ್‌ವೇರ್‌ಗೆ. ಪುಣೆ, ಠಾಣೆಯ ಕಟ್ಟುವಿಕೆ ಮತ್ತು ಓಡಾಟ ಚೇತರಿಸಿಕೊಂಡು ಬಂದ ಕಾಕಾಗೆ. ಹುಬ್ಬಳ್ಳಿಗೆ ಅಲ್ಲಿಯದೇ ಒಬ್ಬರು. ಎಲ್ಲ ಪೋರ್ಟಲುಗಳ ಇಮೇಲ್, ಫೋನ್ ನಂಬರ್ ಮಾಲೀಕರ ಹೆಸರಿಗೆ ಬದಲಾದವು, ಪೆನ್‌ಡ್ರೈವ್ ಶೆಟ್ರ ಗಲ್ಲಾಪೆಟ್ಟಿಗೆಗೆ ಬಂತು. ಖರ್ಚು ಮೊದಲಿಗಿಂತ ಜಾಸ್ತಿಯೇ ಆಗಿದೆ. ಅದಕ್ಕೆ ಶೆಟ್ರ ಗೊಣಗಾಟ ಇನ್ನೂ ನಿಂತಿಲ್ಲ.

ಎಲ್ಲರಿಗೂ ಇದೇ ಸರಿ ಎಂದು ನಾನು ಹೇಳುವುದಿಲ್ಲ. ಒಂದೇ ಊರು, ಇಪ್ಪತ್ತರೊಳಗೆ ಜನ ಎಂದರೆ ಒಳ್ಳೆಯ ಸ್ಥಳೀಯ ಕನ್ಸಲ್ಟಂಟ್ ಸಾಕು. ಎಲ್ಲರೂ ಕಂಪ್ಯೂಟರ್ ಮುಂದೆ ಕೂರುವ, ಮೂರ್ನಾಲ್ಕು ರಾಜ್ಯಗಳಿಂದ ಮನೆಯಲ್ಲೇ ಕೆಲಸ ಮಾಡುವ ಸಣ್ಣ ಐಟಿ ಕಂಪನಿಯಾದರೆ ರಾಷ್ಟ್ರಮಟ್ಟದವರೇ ವಾಸಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಹೆಚ್ಚುವರಿ ಭಾಗವೂ ವೇತನದ ಲೆಕ್ಕಕ್ಕೆ ಸೇರುತ್ತದೆ. ಕೆಲಸ ಬಿಟ್ಟವರ ವೇತನ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ಇಂಥ ಬದಲಾವಣೆಯನ್ನು ನಿಮ್ಮವರು ಹೇಗೆ ನಿಭಾಯಿಸಿದರು ಎಂದು ಕೇಳಿದರೆ ಅವರ ಕೈಗುಣ ಗೊತ್ತಾಗುತ್ತದೆ.

ಸಹಿ ಹಾಕುವ ಮೊದಲು ಇಷ್ಟು ಕೇಳಿ:

1. ಚಲನ್ ಕಟ್ಟುವವರು ಯಾರು? ಅವರ ತಪ್ಪಿನಿಂದ ತಡವಾದರೆ ದಂಡ ಯಾರ ಜೇಬಿನಿಂದ?

2. ಪೋರ್ಟಲಿನ ಪಾಸ್‌ವರ್ಡ್, ಒಟಿಪಿ, ಡಿಜಿಟಲ್ ಸಹಿ ಯಾರ ಕೈಯಲ್ಲಿ?

3. ನಮ್ಮ ಲೆಕ್ಕ ನೋಡುವವರು ರಜೆಯಲ್ಲಿದ್ದರೆ ಅವರ ಜಾಗಕ್ಕೆ ಯಾರು?

4. ಕೆಲಸದವರ ಹೆಸರು, ಕೆವೈಸಿ ತಿದ್ದುವುದು ದರದಲ್ಲಿ ಸೇರಿದೆಯೇ? ಅವರ ಭಾಷೆಯಲ್ಲಿ ಮಾತಾಡುವವರಿದ್ದಾರೆಯೇ?

5. ಆಧಾರ್, ಬ್ಯಾಂಕ್ ವಿವರ ಎಲ್ಲಿ ಇಡುತ್ತೀರಿ? (ವಾಟ್ಸ್‌ಆ್ಯಪ್‌ನಲ್ಲಿ ಎಂದರೆ ಎದ್ದು ಬನ್ನಿ.)

6. ನಿಮ್ಮನ್ನು ಬಿಟ್ಟರೆ ಹಳೆಯ ದಾಖಲೆ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೊಡುತ್ತೀರಿ?

ಯಾರನ್ನೇ ಇಟ್ಟುಕೊಳ್ಳಿ, ಕಾನೂನಿನ ಮುಂದೆ ಹೊಣೆ ಮಾಲೀಕರದ್ದೇ. ಸಂಬಳದಿಂದ ಪಿಎಫ್ ಕಡಿದು ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ನೋಟಿಸ್ ಬರುವುದು ನಿಮ್ಮ ವಿಳಾಸಕ್ಕೆ.

ಇನ್ನು ಸಂಬಳ ಪಡೆಯುವ ನಮ್ಮ ಪಾಲಿನ ಕೆಲಸ. ತಿಂಗಳಿಗೊಮ್ಮೆ ಪಿಎಫ್ ಪಾಸ್‌ಬುಕ್ ತೆರೆದು ಹಣ ಬಿದ್ದಿದೆಯೇ ನೋಡಿ. ಆಧಾರ್, ಪ್ಯಾನ್, ಯುಎಎನ್, ಬ್ಯಾಂಕ್ ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ನೋಡಿ. ಇನಿಷಿಯಲ್ ಇಟ್ಟುಕೊಂಡ, ಊರಿನ ಹೆಸರೇ ಅಡ್ಡಹೆಸರಾದ ನಮ್ಮಂಥವರಿಗೆ ಹೊರರಾಜ್ಯದಲ್ಲಿ ಇದು ಹೆಚ್ಚು ಮುಖ್ಯ. ನಾಮಿನಿ ತುಂಬಿಲ್ಲದಿದ್ದರೆ ಈ ಭಾನುವಾರವೇ ತುಂಬಿ. ನಿಮ್ಮ ಮನೆಯಲ್ಲಿ, ಬಿಲ್ಡಿಂಗಿನಲ್ಲಿ, ದಿನವೂ ಕಾಫಿ ಕುಡಿಯುವ ಹೋಟೆಲಿನಲ್ಲಿ ಊರಿನ ಕಡೆಯ ಹುಡುಗರಿದ್ದರೆ ಅವರ ಪಾಸ್‌ಬುಕ್ಕನ್ನೂ ಒಮ್ಮೆ ತೆರೆದು ತೋರಿಸಿ. ಹತ್ತು ನಿಮಿಷದ ಕೆಲಸ. ಅದರಲ್ಲಿ ಏನು ಕಂಡಿತೆಂದು ನನಗೂ ಬರೆಯಿರಿ.